ತವರಿನ ನೆಲ ಒರೆಸಿದ್ದು

ಅಪ್ಪನ ಮನೆ ಮಾರಿ ಕೈ ತೊಳೆದುಕೊಳ್ಳುವ ಆತುರ ನಮ್ಮಣ್ಣನಿಗೆ. ನನಗೋ, ಮಾರುವ ಮೊದಲು ಮನೆಯನ್ನೇ ತೊಳೆಯುವ ಆತುರ. ಅಪ್ಪ ಹೋಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ಕೊಳ್ಳೋರು ಈ ಕೊಳೆ ನೋಡಿ, 'ಇವರಿಗೆ ಹೆಣ್ಣುಮಕ್ಕಳೇ ಇರಲಿಲ್ವೇನೋ' ಅಂದ್ಕೊಳ್ಳಲ್ವಾ?" ಎಂದೆ.

ಅಣ್ಣ ಏನೋ ಹೇಳಲು ಬಾಯಿ ತೆರೆದ. ನನ್ನ ಕೈಯಲ್ಲಿ ಆಗಲೇ ಪೊರಕೆ ಇತ್ತು. ಮುಚ್ಚಿಕೊಂಡ.

ಅಪ್ಪನದು ಕಲಾವಿದರ ಜೀವ (ಎಣ್ಣೆ ಕಲೆ, ಕಾಫಿ ಕಲೆ, ಶಾಯಿ ಕಲೆ). ಪೇಪರ್ ಓದುತ್ತಾ ಅವರು ತಲೆ ಆನಿಸುತ್ತಿದ್ದ ಗೋಡೆಯ ಮೇಲೆ ಕುಂಬಳಕಾಯಿ ಗಾತ್ರದ ಎಣ್ಣೆಯ ಗುರುತು. ಸೋಪಿನ ಪುಡಿ, ಸೋಡ, ನಿಂಬೆಹಣ್ಣು, ಕೊನೆಗೆ ಬ್ರಹ್ಮಾಸ್ತ್ರವಾಗಿ ನಮ್ಮ ಯಜಮಾನರ ಹಲ್ಲುಜ್ಜುವ ಬ್ರಷ್ಷು, ಎಲ್ಲವನ್ನೂ ಪ್ರಯೋಗಿಸಿದೆ. ಗುರುತು ತೆಳುವಾಯಿತೇ ಹೊರತು ಹೋಗಲಿಲ್ಲ. ಅಪ್ಪನೂ ಹಾಗೇ, ಹೇಳಿದ ಮಾತು ಕೇಳುವವರಲ್ಲ.

"ಅದು ನನ್ನ ಬ್ರಷ್ಷು ಕಣೇ!"

"ಗೊತ್ತು. ಮಾವನ ಗೋಡೆಗೆ ಒಂದು ಬ್ರಷ್ಷು ಕೊಡೋಕಾಗಲ್ವಾ?"

"ನಿಮ್ಮಪ್ಪ ನಂಗೆ ಒಂದು ದಿನ ಪೇಪರ್ ಬಿಟ್ಟುಕೊಟ್ಟಿದ್ರಾ?"

"ಹೋದೋರ ಬಗ್ಗೆ ಹಾಗೆಲ್ಲ ಮಾತಾಡ್ಬೇಡಿ. ಏಣಿ ಹತ್ತಿ."

ಹತ್ತಿದರು. ಫ್ಯಾನಿನ ಧೂಳೆಲ್ಲ ತಲೆಯ ಮೇಲೆ ಬಿದ್ದು ಕೂದಲು, ಹುಬ್ಬು, ಮೀಸೆ ಒಟ್ಟಿಗೇ ನರೆತವು. ಹಾಗೇ ಇಳಿದು ಬಾಗಿಲಲ್ಲಿ ನಿಂತಾಗ ಒಂದು ಕ್ಷಣ ಅಪ್ಪನೇ ಬಂದಂತಾಯಿತು. ಟವೆಲ್ ಎಸೆದೆ.

ಕಪಾಟಿನಲ್ಲಿ ಅಪ್ಪನ ಕಟ್ಟಿಸಿದ ಹಲ್ಲಿನ ಸೆಟ್ಟು ಸಿಕ್ಕಿತು. ಎಸೆಯಲು ಮನಸ್ಸು ಬಾರದು, ಇಟ್ಟುಕೊಂಡು ಮಾಡುವುದೇನು? ಅದೇ ಬ್ರಷ್ಷಿನಿಂದ ಅದನ್ನೂ ಉಜ್ಜಿ ಕಿಟಕಿಯಲ್ಲಿ ಒಣಗಲಿಟ್ಟೆ. (ಯಜಮಾನರು ಆ ಬ್ರಷ್ಷಿನ ಆಸೆಯನ್ನು ಅಲ್ಲಿಗೆ ಬಿಟ್ಟರು.)

ಭಾನುವಾರ ಮನೆ ಕೊಳ್ಳುವ ಕಂಟ್ರಾಕ್ಟರು ಬಂದರು. ಬೂಟಿನ ತುಂಬ ಮಣ್ಣು. ಟೇಪು ಹಿಡಿದು ಕಾಂಪೌಂಡಿನ ಉದ್ದಗಲ ಅಳೆದರು. ಮನೆಯ ಕಡೆ ಕತ್ತೆತ್ತಿಯೂ ನೋಡಲಿಲ್ಲ.

"ಒಳಗೆ ಬನ್ನಿ. ಬೂಟು ಮಾತ್ರ ಹೊರಗೇ ಬಿಡಿ, ಈಗಷ್ಟೇ ಒರೆಸಿದ್ದೀನಿ," ಎಂದೆ.

"ಒಳಗೆ ನೋಡೋದೇನಿದೆಯಮ್ಮ? ನೋಂದಣಿ ಆದ್ಮೇಲೆ ಕೆಡವೋಕೆ ಮಷೀನ್ ಬರುತ್ತೆ. ಅದಕ್ಕೂ ಬೂಟು ಬಿಚ್ಚು ಅಂತೀರಾ?"

ನಕ್ಕು, ನೀರು ಕುಡಿಯಲು ಬೂಟಿನಲ್ಲೇ ಅಡುಗೆಮನೆಯವರೆಗೆ ಹೋಗಿ ಬಂದರು.

ಅವರು ಹೊರಟ ಮೇಲೆ ಅಣ್ಣನ ಮೇಲೆ ಮುಗಿಬಿದ್ದೆ.

"ಕೆಡವ್ತಾರೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೋ ಹೇಳಲಿಲ್ಲ? ನೋಡು, ಅಂಗೈಯೆಲ್ಲ ಬೊಬ್ಬೆ!"

ಅಣ್ಣ ನೆಲ ನೋಡಿದ. "ಅಪ್ಪ ಹೋದಾಗಿಂದ ಅಳ್ತಾನೇ ಇದ್ದೆ ನೀನು. ಉಜ್ಜೋಕೆ ಶುರು ಮಾಡಿದ್ಮೇಲೆ ನಿಲ್ಲಿಸಿದೆ. ಅದಕ್ಕೇ ಸುಮ್ಮನಿದ್ದೆ."

ಸೊಂಟ ಕಟ್ಟಿ ಜಗಳಕ್ಕೆ ನಿಂತವಳು ಬಚ್ಚಲಿಗೆ ನಡೆದೆ. ಬಕೆಟ್ ತಂದು ಬೂಟಿನ ಗುರುತುಗಳನ್ನು ಒರೆಸತೊಡಗಿದೆ. ನಡುಮನೆಗೆ ಬರುವ ಹೊತ್ತಿಗೆ ಕೈ ನಿಂತಿತು, ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತೆ. ಅಂಗಳದಲ್ಲಿದ್ದ ಅಣ್ಣ ಗಾಬರಿಯಿಂದ ಓಡಿಬಂದ.

"ಒದ್ದೆ ನೆಲ! ಕಾಲಿಟ್ಟರೆ ನೋಡು!" ಅಳುತ್ತಲೇ ಕಿರುಚಿದೆ.

ಐವತ್ತು ದಾಟಿದ ಅಣ್ಣ, ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡು, ನೆಲ ಒಣಗುವವರೆಗೂ ಹೊಸ್ತಿಲಾಚೆಯೇ ನಿಂತು ಕಣ್ಣೊರೆಸಿಕೊಂಡ.