ಅವಿರಾಚನ್ ಊರು ಬಿಡಲು ಹೊರಟ ದಿನ

ಭಾನುವಾರ ಬೆಳಿಗ್ಗೆ ಇಗರ್ಜಿಯಿಂದ ಮನೆಗೆ ಬರುವ ದಾರಿಯಲ್ಲಿ ಅವಿರಾಚನ್ ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದೂ ಬಾತುಕೋಳಿ ಸಾಕುವ ಕುಟ್ಟಪ್ಪನನ್ನು, ಅದೂ ಮೆಲುದನಿಯಲ್ಲಿ.

"ಕುಟ್ಟಪ್ಪಾ, ನಿನ್ನ ದೊಡ್ಡ ದೋಣೀಲಿ ಒಂದು ಮರದ ಬೀರು ಹಿಡಿಯುತ್ತಾ?"

"ಯಾಕೆ ಹಿಡಿಯಲ್ಲ ಅಚ್ಚಾಯಾ. ಖಾಲಿ ಬೀರೋ, ತುಂಬಿದ್ದೋ?"

"ತುಂಬಿದ್ದೇ ಅನ್ಕೋ."

"ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲ ಮಾರಾಯ, ಸುಮ್ನೆ ಕೇಳ್ದೆ."

ಕುಟ್ಟನಾಡಿನಲ್ಲಿ ಯಾರೂ ಸುಮ್ಮನೆ ಬೀರುವಿನ ಮಾತೆತ್ತುವುದಿಲ್ಲ. ನಾಲ್ಕೂ ಕಡೆ ಕಾಲುವೆಯಿರುವ ಮುಂಡಕ್ಕರದಂಥ ಊರಿನಲ್ಲಿ ಬೀರು ಮನೆಯಿಂದ ಹೊರಗೆ ಬರಬೇಕಾದರೆ ಒಂದೋ ಮಗಳ ಮದುವೆಯಾಗಬೇಕು, ಇಲ್ಲವೇ ಮನೆಯವರು ಊರು ಬಿಡಬೇಕು. ಅವಿರಾಚನ್‌ಗೆ ಮಗಳಿಲ್ಲ, ಮಗನೂ ಇಲ್ಲ. ಕುಟ್ಟಪ್ಪನಿಗೆ ಲೆಕ್ಕ ಹಾಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನು ಬಾತುಗಳನ್ನು ಕಾಲುವೆಯ ಉದ್ದಕ್ಕೂ ಅಟ್ಟಿಕೊಂಡು ಹೋಗುವವನು. ಆ ದಿನ ಬಾತುಗಳ ಜೊತೆಗೆ ಸುದ್ದಿಯನ್ನೂ ಅಟ್ಟಿಕೊಂಡು ಹೋದ.

ಸುದ್ದಿ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಚಂಗನಾಶೇರಿಯ ಆಚೆ, ಗುಡ್ಡದ ಮೇಲೆ ಒಂದು ಮನೆ ಬಾಡಿಗೆಗಿತ್ತು. ಮನೆಯವರು ಕುವೈತಿನಲ್ಲಿದ್ದರು. ದಲ್ಲಾಳಿ ವರ್ಕಿಚ್ಚನ್ ಕರೆದುಕೊಂಡು ಹೋಗಿ ತೋರಿಸಿದ್ದ. ಅವಿರಾಚನ್‌ನ ಹೆಂಡತಿ ಶೋಶಾಮ್ಮ ಆ ಮನೆಯ ಅಡಿಗೆಕೋಣೆಯ ನೆಲವನ್ನು ಬಗ್ಗಿ ಮುಟ್ಟಿ ನೋಡಿದ್ದಳು. ಒಣಗಿದ ನೆಲ. ಮಳೆಗಾಲದಲ್ಲೂ ಹೀಗೇ ಇರುತ್ತದೆ ಎಂದು ವರ್ಕಿಚ್ಚನ್ ಹೇಳಿದಾಗ ಅವಳು ನಂಬದವಳಂತೆ ಇನ್ನೊಮ್ಮೆ ಮುಟ್ಟಿದ್ದಳು.

ಪ್ರತಿ ಮಳೆಗಾಲದಲ್ಲೂ ಕಾಲುವೆ ಉಕ್ಕಿ ಅವಳ ಅಡಿಗೆಮನೆಗೆ ಬರುತ್ತಿತ್ತು. ಅಕ್ಕಿ ಡಬ್ಬ ಬೆಂಚಿನ ಮೇಲೆ, ಬೆಂಚು ಇಟ್ಟಿಗೆಯ ಮೇಲೆ. ನೀರು ಇನ್ನೂ ಏರಿದರೆ ಇಡೀ ಊರಿಗೆ ಊರೇ ದೋಣಿ ಹತ್ತಿ ಚಂಗನಾಶೇರಿಯ ಸ್ಕೂಲಿಗೆ ಹೋಗಿ, ತಿಂಗಳುಗಟ್ಟಲೆ ಕ್ಲಾಸುರೂಮುಗಳಲ್ಲಿ ಸಂಸಾರ ಹೂಡುವುದು. ವರ್ಷಾ ವರ್ಷಾ ಹೋಗಿ ಹೋಗಿ ಯಾರು ಯಾವ ಕ್ಲಾಸು ಎಂಬುದೂ ಗಟ್ಟಿಯಾಗಿಬಿಟ್ಟಿತ್ತು. ಅವಿರಾಚನ್ ದಂಪತಿಗಳದ್ದು ನಾಲ್ಕನೇ ತರಗತಿ, ಕಿಟಕಿ ಪಕ್ಕ. ನೀರಿಳಿದ ಮೇಲೆ ಮನೆಗೆ ಬಂದು ಕೆಸರು ಬಾಚುವ ಕೆಲಸ ಮಾತ್ರ ಹೆಂಗಸರದ್ದು.

"ಇಷ್ಟು ವರ್ಷ ನಾನು ಹೇಳಿದ್ದಾಯ್ತು ಇಚ್ಚಾಯಾ," ಎಂದಿದ್ದಳು ಶೋಶಾಮ್ಮ ಹಿಂದಿನ ದಿನ. "ನಾಳೆ ಸಂಜೆ ಒಳಗೆ ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ವರ್ಕಿಚ್ಚನ್ ಹತ್ರ ಬೇರೆಯವರೂ ಕೇಳ್ತಿದಾರಂತೆ. ನಾನಂತೂ ಇನ್ನು ಬಾಯಿ ಬಿಡಲ್ಲ."

ಅವಳು ಬಾಯಿ ಬಿಡದಿದ್ದದ್ದೇ ಅವಿರಾಚನ್‌ಗೆ ದೊಡ್ಡ ಹಿಂಸೆಯಾಗಿತ್ತು. ಬೈದರೆ ತಿರುಗಿ ಬೈಯಬಹುದು. ಸುಮ್ಮನಿದ್ದವಳ ಮುಂದೆ ಯೋಚಿಸಲೇಬೇಕು, ಮತ್ತು ಯೋಚಿಸುವುದು ಅವನಿಗೆ ಒಗ್ಗದ ಕೆಲಸ. ಅವನು ಗದ್ದೆಯ ಪಂಪು ನಡೆಸುವವನು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಂದ ನೀರೆತ್ತಿ ಕಾಲುವೆಗೆ ಬಿಡುವುದು ಅವನ ಕಸುಬು. ಅವನು ಬಿಟ್ಟ ನೀರು ಮಳೆಗಾಲದಲ್ಲಿ ಅವನ ಮನೆಗೇ ಬರುತ್ತಿತ್ತು, ಆದರೂ ಪಂಪಿನ ಸದ್ದು ಕೇಳದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಗುಡ್ಡದ ಮೇಲೆ ಪಂಪಿಲ್ಲ. ಅಡಿಗೆಮನೆ ಹಿಂದೆ ಗಾಳ ಹಾಕಿದರೆ ಕರಿಮೀನು ಸಿಗುವುದಿಲ್ಲ. ಹೆಂಡತಿಗೆ ಒಣ ನೆಲ ಬೇಕು ಎಂಬುದೂ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಪಾದದ ಬೆರಳ ಸಂದಿಗೆ ಪ್ರತಿ ವರ್ಷ ಮುಲಾಮು ಹಚ್ಚುವವನು ಅವನೇ.

ಅವನು ಚಹಾ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ಕುರುಪ್ ಸಾರ್ ಅವರ ಪುಟ್ಟ ದೋಣಿ ಮೆಟ್ಟಿಲಿಗೆ ತಾಗಿತು. ನಿವೃತ್ತ ಮೇಷ್ಟ್ರು, ಊರ ವಾಚನಾಲಯದ ಕಾರ್ಯದರ್ಶಿ. ಯಾವ ಮಾತನ್ನಾದರೂ ಭಾಷಣ ಮಾಡದೆ ಮುಗಿಸಿ ಅಭ್ಯಾಸವಿಲ್ಲದವರು. ಹಿಂದೆಯೇ ಕುಟ್ಟಪ್ಪ.

"ಅವಿರಾಚಾ, ನೀನು ಗುಡ್ಡ ಹತ್ತುತೀಯಂತೆ."

"ಇನ್ನೂ ಹತ್ತಿಲ್ಲ ಸಾರ್. ಯೋಚನೆ ಮಾಡ್ತಾ ಇದೀನಿ."

"ಯೋಚನೆ ಮಾಡೋಕೆ ನಾವಿದ್ದೀವಲ್ಲ, ನೀನ್ಯಾಕೆ ಒಬ್ಬನೇ ಕಷ್ಟಪಡ್ತೀಯ?" ಕುರುಪ್ ಸಾರ್ ಕುರ್ಚಿ ಎಳೆದುಕೊಂಡರು. "ಅಲ್ಲಿ ಬಾವಿ ಎಷ್ಟು ಆಳ ಗೊತ್ತಾ? ಕೊಡ ಇಳಿಸಿ ಎತ್ತೋ ಹೊತ್ತಿಗೆ ಬಾಯಾರಿಕೆನೇ ಮರೆತು ಹೋಗುತ್ತೆ. ಮೀನು ಐಸಿನ ಪೆಟ್ಟಿಗೇಲಿ ಬರುತ್ತೆ. ಅದು ಸತ್ತು ಎಷ್ಟು ದಿನ ಆಯ್ತು ಅಂತ ಅದಕ್ಕೇ ಜ್ಞಾಪಕ ಇರಲ್ಲ."

"ಅಲ್ಲಿಯವರು ಗೇಟು ಹಾಕ್ಕೊಂಡು ಕೂತಿರ್ತಾರೆ ಅಚ್ಚಾಯಾ," ಎಂದ ಕುಟ್ಟಪ್ಪ. "ಪಕ್ಕದ ಮನೇಲಿ ಏನು ಸಾರು ಅಂತ ಕೂಡ ಗೊತ್ತಾಗಲ್ಲ."

ಪಕ್ಕದವರಿಗೆ ತನ್ನ ಮನೆಯ ಸಾರು ಗೊತ್ತಾಗದಿರುವುದು ಅಷ್ಟೇನೂ ಕೆಟ್ಟ ವಿಷಯವಲ್ಲ ಎಂದು ಅವಿರಾಚನ್‌ಗೆ ಅನ್ನಿಸಿತು. ಅಷ್ಟರಲ್ಲಿ ಕುಟ್ಟಪ್ಪ ಕಣ್ಣೊರೆಸಿಕೊಂಡ.

"ನೀವು ಹೋದ್ರೆ ಇಸ್ಪೀಟಿಗೆ ನಾಲ್ಕನೇ ಕೈ ಯಾರು?"

ಕುರುಪ್ ಸಾರ್ ಗಂಭೀರವಾಗಿ ತಲೆಯಾಡಿಸಿದರು. ಸಂಜೆ ವಾಚನಾಲಯದಲ್ಲಿ ಸಭೆ ಎಂದು ಅಲ್ಲೇ ತೀರ್ಮಾನವಾಯಿತು. ವಿಷಯ: ಅವಿರಾಚನ್ ಊರು ಬಿಡಬೇಕೋ ಬೇಡವೋ. ಅದು ತನ್ನ ಮನೆಯ ವಿಷಯವಲ್ಲವೇ ಎಂದು ಅವಿರಾಚನ್ ಕೇಳಬೇಕೆಂದಿದ್ದ. ಆದರೆ ತನಗೋಸ್ಕರ ಒಬ್ಬರು ಅಳುವುದು, ಒಬ್ಬರು ಸಭೆ ಕರೆಯುವುದು ಅವನ ಜೀವನದಲ್ಲಿ ಇದೇ ಮೊದಲು. ಎದೆ ಸ್ವಲ್ಪ ಉಬ್ಬಿತು. ಅಡಿಗೆಮನೆಯಲ್ಲಿ ಶೋಶಾಮ್ಮ ಮರಗೆಣಸು ಹೆಚ್ಚುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮಧ್ಯಾಹ್ನ ಊಟಕ್ಕೆ ಮುಂಚೆ ಅವಳು "ಮೆಂಬರ್ ಮನೆಗೆ ಹೋಗಿ ಬರ್ತೀನಿ" ಎಂದು ಹೋಗಿ ಬಂದಳು. ಊಟವಾದ ಮೇಲೆ ಮೆಂಬರ್ ಸರಸಮ್ಮನೇ ಬಂದಳು. ಪಂಚಾಯತಿ ಸದಸ್ಯೆ. ತಿಂಗಳಿಂದ ಅವಳಿಗೆ ನಿದ್ದೆಯಿರಲಿಲ್ಲ, ಯಾಕೆಂದರೆ ಚಂಗನಾಶೇರಿಯ ಆ ಸ್ಕೂಲನ್ನು ಹೊಸದಾಗಿ ಕಟ್ಟಲೆಂದು ಕೆಡವಿಹಾಕಿದ್ದರು. ಮಳೆಗೆ ಇನ್ನು ಎರಡು ವಾರ. ನೀರು ಬಂದರೆ ಜನರನ್ನು ಎಲ್ಲಿ ಕೂರಿಸುವುದು ಎಂದು ಅವಳು ಕಂಡ ಕಂಡ ಬಾಗಿಲು ತಟ್ಟಿದ್ದಳು.

"ಅಚ್ಚಾಯಾ, ಆ ಮನೆಗೆ ಎಷ್ಟು ಕೋಣೆ?"

"ಐದು," ಎಂದ ಅವಿರಾಚನ್. ಬೇಡದ ಮನೆಯಾದರೂ ಹೊಗಳಲು ಅವನಿಗೆ ಖುಷಿಯಾಯಿತು. "ಮುಂದೆ ಇಷ್ಟಗಲ ವರಾಂಡ. ಎರಡು ಬಚ್ಚಲು. ಬಾವಿ ಬೇಸಿಗೇಲೂ ಬತ್ತಲ್ಲ. ಕಾರು ನಿಲ್ಲಿಸೋಕೆ ಶೆಡ್ಡು ಬೇರೆ."

ಸರಸಮ್ಮ ಬೆರಳು ಮಡಚಿ ಏನೋ ಲೆಕ್ಕ ಹಾಕಿದಳು. ಆಮೇಲೆ ನಿಟ್ಟುಸಿರು ಬಿಟ್ಟು, "ಹೋಗಿ ಅಚ್ಚಾಯಾ. ದೇವರಾಣೆ ಹೋಗಿ. ಎಲ್ಲರಿಗೂ ಒಳ್ಳೇದಾಗುತ್ತೆ," ಎಂದಳು.

ಆ 'ಎಲ್ಲರಿಗೂ' ಅವಿರಾಚನ್‌ಗೆ ಅರ್ಥವಾದದ್ದು ಮೂರು ಗಂಟೆಯ ಸುಮಾರಿಗೆ. ಬೆಳಿಗ್ಗೆ ಕಣ್ಣೊರೆಸಿಕೊಂಡಿದ್ದ ಕುಟ್ಟಪ್ಪ ಈಗ ಹಲ್ಲು ಕಿರಿಯುತ್ತಾ ಬಂದ.

"ಅಚ್ಚಾಯಾ, ನೀರು ಬಂದಾಗ ನಾವೆಲ್ಲ ನಿಮ್ಮಲ್ಲಿಗೇ ಅಂತ ಮೆಂಬರ್ ಅಂದ್ರು. ನಮ್ಮಮ್ಮನಿಗೆ ಮೆಟ್ಟಿಲು ಹತ್ತೋಕಾಗಲ್ಲ. ಅವಳಿಗೆ ಮುಂದಿನ ಕೋಣೆ ಇರಲಿ, ಏನು? ಮತ್ತೆ ಆ ಶೆಡ್ಡು ಎಷ್ಟು ಉದ್ದ ಇದೆ?"

"ಶೆಡ್ಡು ಯಾಕೆ?"

"ಬಾತು. ಎಲ್ಲಾ ಬಾತೂ ಅಲ್ಲ, ಗಾಬರಿ ಬೀಳ್ಬೇಡಿ. ಮೊಟ್ಟೆ ಇಡೋವು ಮಾತ್ರ."

ಕುರುಪ್ ಸಾರ್ ಕೂಡ ಬಂದರು. ಗುಡ್ಡದ ಬಾವಿಯ ನೀರು ಕಲ್ಲಿನಿಂದ ಬರುವುದರಿಂದ ಆರೋಗ್ಯಕ್ಕೆ ಬಹಳ ಒಳ್ಳೆಯದು ಎಂದು ಹೇಳಿ, ವಾಚನಾಲಯದ ಪುಸ್ತಕಗಳಿಗೆ ನಡುವಿನ ಕೋಣೆಯೇ ಸರಿ, ಗಾಳಿ ಚೆನ್ನಾಗಿ ಆಡಬೇಕು ಎಂದರು. ಆಚೆ ದಡದ ಇಬ್ಬರು ಹೆಂಗಸರು ಅಡಿಗೆಮನೆಯಲ್ಲಿ ಒಟ್ಟಿಗೆ ಎಷ್ಟು ಒಲೆ ಉರಿಸಬಹುದು ಎಂದು ಕೇಳಿ ಹೋದರು. ಯಾರೋ ಇಬ್ಬರು ಹಗ್ಗದಿಂದ ಅವನದೇ ಮಂಚವನ್ನು ಅಳೆದು, ಇಂಥದ್ದು ವರಾಂಡದಲ್ಲಿ ಎಷ್ಟು ಹಿಡಿಯುತ್ತೆ ಎಂದು ಚರ್ಚೆ ಮಾಡಿದರು.

ಅವಿರಾಚನ್‌ಗೆ ಬೆವರು ಕಿತ್ತುಕೊಂಡಿತು. ನೀರಿಗೆ ಹೆದರಿ ಗುಡ್ಡ ಹತ್ತಿದರೆ ಊರೇ ಹಿಂದೆ ಹತ್ತಿ ಬರುತ್ತದೆ. ಸ್ಕೂಲಿನಲ್ಲಾದರೆ ಹೆಡ್‌ಮಾಸ್ಟರು ಬೈಸಿಕೊಳ್ಳುತ್ತಿದ್ದರು. ಇಲ್ಲಿ ಬಚ್ಚಲು ಕಟ್ಟಿಕೊಂಡರೂ ತಾನು, ಗಂಜಿಗೆ ಉಪ್ಪು ಸಾಲದಿದ್ದರೂ ತಾನು.

"ನೀನಾದ್ರೂ ಏನಾದ್ರೂ ಹೇಳೇ," ಎಂದು ಹೆಂಡತಿಯ ಮುಂದೆ ನಿಂತ.

"ನಾನು ಬಾಯಿ ಬಿಡಲ್ಲ ಅಂದಿದ್ನಲ್ಲ," ಎಂದು ಶೋಶಾಮ್ಮ ಬಿಳಿ ಮೇಲುದೆ ಹೊದ್ದು ಸಭೆಗೆ ಹೊರಟಳು.

ವಾಚನಾಲಯ ತುಂಬಿತ್ತು. ಊರು ಬಿಡಬೇಕೋ ಬೇಡವೋ ಎಂಬ ಸಭೆ ಅಷ್ಟರಲ್ಲಿ ಬೀಳ್ಕೊಡುಗೆ ಸಭೆಯಾಗಿಬಿಟ್ಟಿತ್ತು. ಬೆಳಿಗ್ಗೆ ಬೇಡ ಎಂದವರೆಲ್ಲ ಈಗ ಹೋಗಿ ಬಾ ಎಂದು ಹರಸಲು ಒಬ್ಬೊಬ್ಬರಾಗಿ ಎದ್ದರು. ಅವಿರಾಚನ್ ಪಂಪಿನ ಮುಂದೆ ಕೂತರೆ ಗದ್ದೆಯೇ ಎದ್ದು ನಿಲ್ಲುತ್ತಿತ್ತು ಎಂದು ಕುರುಪ್ ಸಾರ್ ಬಣ್ಣಿಸಿದರು. ಕುಟ್ಟಪ್ಪ ಶಾಲು ಹೊದಿಸಿದ. ಅವಿರಾಚನ್ ಎದ್ದು ನಿಂತ. ತಪ್ಪಿಸಿಕೊಳ್ಳಲು ಅವನಿಗೆ ಕಂಡದ್ದು ಒಂದೇ ದಾರಿ.

"ನಾನು ಈ ಕೆಸರಿನಲ್ಲಿ ಹುಟ್ಟಿದವನು," ಎಂದು ಶುರುಮಾಡಿದ. ಶುರುಮಾಡಿದ್ದು ಉಪಾಯಕ್ಕೆ, ಆದರೆ ಎರಡನೇ ಮಾತಿಗೆ ಅದು ಅವನಿಗೇ ನಿಜವಾಗಿಬಿಟ್ಟಿತು. "ನಮ್ಮಪ್ಪ ಈ ಕಾಲುವೇಲಿ ನಂಗೆ ಈಜು ಕಲಿಸಿದ. ನನ್ನ ಪಂಪು ಇಲ್ಲಿದೆ. ನೀವು ಇಲ್ಲಿದ್ದೀರಿ. ಕತ್ತಿನ ಮಟ್ಟ ನೀರು ಬಂದ್ರೂ ನಾನು ಮುಂಡಕ್ಕರ ಬಿಡಲ್ಲ. ಬೇರೆ ಊರಲ್ಲಿ ಒಂದು ರಾತ್ರಿ ಕೂಡ ನಿದ್ದೆ ಮಾಡಲ್ಲ. ಯಾರು ಕರೆದರೂ ಹೋಗಲ್ಲ."

ಮನಸ್ಸು ಬದಲಾಗುವ ಮೊದಲೇ ಮುಗಿಸಿಬಿಡಬೇಕೆಂದು ಅಲ್ಲೇ ಫೋನು ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ವರ್ಕಿಚ್ಚನ್‌ಗೆ ಹೇಳಿದ: "ಮನೆ ನಂಗೆ ಬೇಡ."

ಚಪ್ಪಾಳೆ ಬಿತ್ತು, ಕುಟ್ಟಪ್ಪ ಬಾತುಗಳನ್ನು ನೆನೆದು ಸ್ವಲ್ಪ ನಿಧಾನವಾಗಿ ತಟ್ಟಿದ. ಅವಿರಾಚನ್ ಹೆಂಗಸರ ಬೆಂಚಿನ ಕಡೆ ನೋಡಿದ. ಶೋಶಾಮ್ಮ ಮೇಲುದೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅವಳು ಆ ಅಡಿಗೆಕೋಣೆಯ ನೆಲವನ್ನು ಎರಡು ಸಲ ಮುಟ್ಟಿದ್ದು ಅವನಿಗೆ ನೆನಪಾಯಿತು. ಚಪ್ಪಾಳೆ ಕಿವಿಗೆ ಹಿತವಾಗಲಿಲ್ಲ. ನಾಚಿಕೆಯಾಯಿತು.

"ಅಚ್ಚಾಯಾ, ಫೋನ್ ಕಟ್ ಮಾಡ್ಬೇಡಿ," ಎಂದು ಮೆಂಬರ್ ಸರಸಮ್ಮ ಎದ್ದು ಬಂದು ಫೋನು ಕಿತ್ತುಕೊಂಡಳು. "ವರ್ಕಿಚ್ಚಾ, ಆ ಮನೆ ಬೇರೆ ಯಾರಿಗೂ ಕೊಡ್ಬೇಡಿ. ನಮ್ಮ ವಾರ್ಡಿನವರೇ ಒಟ್ಟಾಗಿ ಬಾಡಿಗೆಗೆ ತಗೋತೀವಿ. ನೀರು ಬಂದಾಗ ನಮ್ಮ ಜನಕ್ಕೆ ಆಗುತ್ತೆ."

"ತಗೊಳ್ಳಿ ಮೆಂಬರೇ," ಎಂದಿತು ವರ್ಕಿಚ್ಚನ್‌ನ ದನಿ. "ಆದ್ರೆ ಬೀಗ ಹಾಕಿಡೋ ಹಾಗಿಲ್ಲ. ಕುವೈತಿನವರು ಒಂದೇ ಮಾತು ಹೇಳಿದಾರೆ. ವರ್ಷ ಪೂರ್ತಿ ಮನೇಲಿ ದೀಪ ಉರೀಬೇಕು."

ವರ್ಷ ಪೂರ್ತಿ ಅಲ್ಲಿರುವವರು ಯಾರು? ಗದ್ದೆ, ದನ, ದೋಣಿ ಎಂದು ಎಲ್ಲರಿಗೂ ಒಂದೊಂದು ಕಾರಣವಿತ್ತು. ಹೆಂಗಸರ ಬೆಂಚಿನಲ್ಲಿ ಶೋಶಾಮ್ಮ ಎದ್ದು ನಿಂತಳು. ವಾಚನಾಲಯದಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

"ನಾನಿರ್ತೀನಿ. ಕುಟ್ಟಪ್ಪನ ಅಮ್ಮನೂ ಜೊತೆಗೆ ಬರ್ತಾರೆ, ಮಧ್ಯಾಹ್ನವೇ ಕೇಳಿ ಬಂದೆ."

ಒಪ್ಪಿಗೆಯೆಂದು ಕೈ ಎತ್ತದವರು ಅವಿರಾಚನ್ ಬಿಟ್ಟರೆ ಯಾರೂ ಇರಲಿಲ್ಲ. ಅವನು ಗಡಿಬಿಡಿಯಿಂದ ಶಾಲು ತೆಗೆದ.

"ಹಾಗಿದ್ರೆ... ನಾನೂ ಅವಳ ಜೊತೆ..."

"ಏನು ಮಾತು ಅಂತ ಆಡ್ತೀಯ ಅವಿರಾಚಾ," ಎಂದರು ಕುರುಪ್ ಸಾರ್, ಕಣ್ಣಲ್ಲಿ ಇನ್ನೂ ನೀರಿತ್ತು. "ಈಗ ತಾನೇ ನಮ್ಮನ್ನೆಲ್ಲ ಅಳಿಸಿದೆಯಲ್ಲ. ಬೇರೆ ಊರಲ್ಲಿ ಒಂದು ರಾತ್ರಿ ನಿದ್ದೆ ಮಾಡಲ್ಲ ಅಂದವನನ್ನ ನಾವು ಗುಡ್ಡಕ್ಕೆ ಕಳಿಸೋದಾ? ನಾವೇನು ಕಟುಕರಾ?"

"ಪಂಪೂ ನೋಡ್ಬೇಕಲ್ಲ ಅಚ್ಚಾಯಾ," ಎಂದ ಕುಟ್ಟಪ್ಪ. "ಇಸ್ಪೀಟೂ ಇದೆ. ಇನ್ನು ಮೇಲೆ ನಿಮ್ಮ ಮನೇಲೇ ಆಡಬಹುದು, ಬೈಯೋರು ಯಾರೂ ಇರಲ್ಲ."

ಸರಸಮ್ಮ ಅಲ್ಲಿಯೇ ಜಾಗ ಹಂಚಿದಳು. ಮುಂದಿನ ಕೋಣೆ ಮುದುಕಿಯರಿಗೆ, ನಡುವಿನದು ಪುಸ್ತಕಕ್ಕೆ, ವರಾಂಡ ಸಂಸಾರಸ್ಥರಿಗೆ. ಮನೆ ನೋಡಿಕೊಳ್ಳುವ ಶೋಶಾಮ್ಮನಿಗೆ ಅಡಿಗೆಕೋಣೆಯ ಪಕ್ಕದ ಕೋಣೆ, ಅದು ಹೆಂಗಸರದ್ದು. ಒಂಟಿ ಗಂಡಸರು ಶೆಡ್ಡಿನಲ್ಲಿ, ಬಾತುಗಳಿಗೆ ತೊಂದರೆಯಾಗದ ಹಾಗೆ. ಹೆಂಡತಿ ಗುಡ್ಡದ ಮೇಲಿರುವುದರಿಂದ ಅವಿರಾಚನ್ ಈಗ ಒಂಟಿ ಗಂಡಸರ ಲೆಕ್ಕಕ್ಕೆ ಬರುತ್ತಿದ್ದ.

ಸಭೆ ಮುಗಿದ ಮೇಲೆ ಅವಿರಾಚನ್ ಶಾಲು ಮಡಿಚಿ ಹಿಡಿದು ಹೆಂಡತಿಯ ಜೊತೆ ಕಾಲುವೆಯ ಒಡ್ಡಿನ ಮೇಲೆ ಮನೆಗೆ ನಡೆದ. ಕೊನೆಗೆ ತಡೆಯದೆ ಕೇಳಿದ.

"ನಾನು ಬೇಡ ಅಂತೀನಿ ಅಂತ ನಿಂಗೆ ಮೊದಲೇ ಗೊತ್ತಿತ್ತಾ?"

"ನಾಲ್ಕು ಜನ ಕೂತು ಕೇಳೋಕೆ ಸಿಕ್ಕಿದ್ರೆ ನೀವು ಊರು ಬಿಡಲ್ಲ ಅಂತಾನೇ ಅಂತೀರಿ," ಎಂದಳು ಶೋಶಾಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ನಂಗೆ ಅನ್ನ ಮಾಡೋಕೂ ಬರಲ್ಲ ಕಣೇ," ಎಂದ ಅವನು ಸೋತ ದನಿಯಲ್ಲಿ. "ನೋಡೋಕೆ ಅಂತ ಆಗಾಗ ಬರಬಹುದಾ ನಾನು?"

ಶೋಶಾಮ್ಮ ನಿಂತು, ಅವನ ತೋಳು ಹಿಡಿದು, ಕಾಲುವೆಯ ನೀರಿನ ಮಟ್ಟವನ್ನು ಒಮ್ಮೆ ನೋಡಿದಳು.

"ಅದಕ್ಕೇನಂತೆ ಇಚ್ಚಾಯಾ," ಎಂದಳು. "ನೀರು ಕತ್ತಿನ ಮಟ್ಟ ದಾಟಿದ ಮೇಲೆ ಬನ್ನಿ."