ರಾಮದುರ್ಗದಲ್ಲಿ ಯಹೂದಿ ತತ್ತ್ವಜ್ಞಾನ

ನನಗೆ ಸರಿಯಾಗಿ ಗೊತ್ತಿಲ್ಲದ ವಿಷಯದ ಮೇಲೆ ಮಾತಾಡಲು ಯಾರಾದರೂ ಕರೆದರೆ ತಕ್ಷಣ ಒಪ್ಪಿಕೊಳ್ಳುವುದು ನನ್ನ ಹಳೆಯ ಚಟ. ಬೈಲಹೊಂಗಲದ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ತತ್ತ್ವಶಾಸ್ತ್ರ ಹೇಳುತ್ತಿದ್ದೇನೆ. ವಿಭಾಗದ ಮುಖ್ಯಸ್ಥನೂ ನಾನೇ, ಉಳಿದವರೂ ನಾನೇ. ಕಳೆದ ತಿಂಗಳು ರಾಮದುರ್ಗದ ಕಾಲೇಜೊಂದರಿಂದ ಫೋನು ಬಂತು. ಮಧ್ಯಯುಗದ ಯಹೂದಿ ತತ್ತ್ವಜ್ಞಾನಿಗಳ ಬಗ್ಗೆ ಮಾತಾಡಬೇಕಿದ್ದವರು ಕೈಕೊಟ್ಟಿದ್ದಾರೆ, ಇನ್ನು ನಾಲ್ಕೇ ದಿನ, ಬರುತ್ತೀರಾ ಎಂದರು. ಒಪ್ಪಿದೆ. ಫೋನು ಇಟ್ಟ ಮೇಲೆ ಕೂತಲ್ಲಿ ಕೂರಲಾಗಲಿಲ್ಲ.

ಪುಸ್ತಕ ಹಿಡಿದು ಪಡಸಾಲೆಗೂ ಹಿತ್ತಲಿಗೂ ಓಡಾಡತೊಡಗಿದೆ. ಹೆಸರುಗಳೇ ನಾಲಿಗೆಗೆ ಒಗ್ಗಲಿಲ್ಲ. ಒಬ್ಬನಿಗೇ ಹೀಬ್ರೂವಿನಲ್ಲೊಂದು, ಅರಬ್ಬಿಯಲ್ಲೊಂದು, ಲ್ಯಾಟಿನ್ನಿನಲ್ಲೊಂದು. ಹಾಗಾಗಿ ಕಸುಬಿನಿಂದಲೇ ಗುರುತಿಟ್ಟುಕೊಂಡೆ. ಬಾಗ್ದಾದಿನ ಪಂಡಿತ, ವಿವೇಕಕ್ಕೂ ಧರ್ಮಗ್ರಂಥಕ್ಕೂ ಜಗಳವಿಲ್ಲ ಎಂದವನು. ಫ್ರಾನ್ಸಿನ ಜ್ಯೋತಿರ್ವಿಜ್ಞಾನಿ, ನಕ್ಷತ್ರಗಳ ನಡುವಿನ ಕೋನ ಅಳೆಯಲು ಕೋಲೊಂದನ್ನು ಮಾಡಿದವನು. ಸ್ಪೇನಿನ ಕವಿ, ತರ್ಕದ ದೇವರಿಗಿಂತ ಹಿರಿಯರ ಕಥೆಗಳ ದೇವರೇ ಹತ್ತಿರ ಎಂದು ವಾದಿಸಿ, ಮುಪ್ಪಿನಲ್ಲಿ ಜೆರುಸಲೇಮಿಗೆ ಹೊರಟವನು. ಇವರೆಲ್ಲರಿಗಿಂತ ದೊಡ್ಡ ಹೆಸರು ಕೈರೋದ ವೈದ್ಯನದು. ದೇವರು ಏನೆಂದು ಹೇಳಲಾಗದು, ಏನಲ್ಲ ಎಂದಷ್ಟೇ ಹೇಳಬಹುದು ಎಂದವನು ಅವನು.

"ಒಂದ ಕಡೆ ಕುಂದರ್ರಿ, ನನಗ ತಲಿ ತಿರಗಾಕ ಹತ್ತೈತಿ," ಎಂದಳು ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾಂತಾ. ಅವಳ ಮುಂದೆಯೇ ತಾಲೀಮು ಶುರುಮಾಡಿದೆ. ಈ ವೈದ್ಯ ಬೆಳಗಿನಿಂದ ಅರಮನೆಯಲ್ಲಿ ದುಡಿದು ಹಸಿದು ಮನೆಗೆ ಬಂದರೆ ಅಂಗಳದ ತುಂಬ ರೋಗಿಗಳಿರುತ್ತಿದ್ದರು. ಸುಸ್ತಾಗಿ ಮಲಗಿಕೊಂಡೇ ಔಷಧ ಹೇಳುತ್ತಿದ್ದ ಎಂದೆ.

"ಮತ್ತ ಉಣ್ಣೂದು ಯಾವಾಗ?"

"ದಿನಕ್ಕ ಒಂದ ಹೊತ್ತಂತ."

"ಹೇಂತಿ ಏನೂ ಅಂತಿದ್ದಿಲ್ಲೇನು?"

ಪುಸ್ತಕದಲ್ಲಿ ಅದಿಲ್ಲ ಎಂದೆ. "ಅದನ್ನ ಬರೀಲಾರದ್ದು ಎಂಥಾ ಪುಸ್ತಕ ರೀ?" ಎಂದು ರೊಟ್ಟಿ ತಿರುವಿಹಾಕಿದಳು.

ರಾಮದುರ್ಗದಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಮಕ್ಕಳು ಫ್ಯಾನು ನೋಡುತ್ತಿದ್ದರು. ಮುಗಿಸಿ ಬೆವರು ಒರೆಸಿಕೊಳ್ಳುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಆ ಕವಿ ಜೆರುಸಲೇಮ್ ಮುಟ್ಟಿದನೇನ್ರೀ?"

ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಪರೀಕ್ಷೆಗೆ ಸಂಬಂಧವಿಲ್ಲದ ಮೊದಲ ಪ್ರಶ್ನೆ! "ಈಜಿಪ್ಟಿನ ತನಕ ಹೋಗಿದ್ದ. ಮುಂದಿನದನ್ನು ನಾನು ಓದಿಲ್ಲಮ್ಮ," ಎಂದೆ.

"ವಯಸ್ಸಾದಾಂವನ್ನ ಕರಕೊಂಡ ಹೋಗಿ ಅರ್ಧಾ ದಾರ್‍ಯಾಗ ಬಿಟ್ರಲ್ರೀ ಸರ್!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಓದಿ, ಪತ್ರ ಬರೆದು ತಿಳಿಸುತ್ತೇನೆ ಎಂದು ಮಾತು ಕೊಟ್ಟು, ಬಸ್ಸು ಹತ್ತಿದ ಕೂಡಲೇ ಪುಸ್ತಕ ತೆರೆದೆ. ಹಡಗು ಹತ್ತಿದ್ದನಂತೆ, ಗಾಳಿಗಾಗಿ ಕಾದಿದ್ದನಂತೆ. ಜೆರುಸಲೇಮಿನ ಬಾಗಿಲಲ್ಲೇ ಕುದುರೆ ಸವಾರನೊಬ್ಬ ಅವನನ್ನು ತುಳಿದು ಕೊಂದ ಎಂಬುದು ಜನರ ಕಥೆ. ಮುಟ್ಟಿದನೋ ಇಲ್ಲವೋ ಖಾತ್ರಿಯಿಲ್ಲ. ಇದನ್ನು ಆ ಹುಡುಗಿಗೆ ಹೇಗೆ ಬರೆಯುವುದು? ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ಬರೆದು ಹೊಡೆದುಹಾಕಿದೆ.

"ಇಳೀರಿ ಸರ್, ಕಿತ್ತೂರ ಬಂತು," ಎಂದ ಕಂಡಕ್ಟರ್.

"ಬೈಲಹೊಂಗಲ?"

"ಅದು ಯಾವಾಗೋ ಹೋತ್ರಿ! ಮೂರ ಸಲ ಒದರಿದ್ನಿ."

ಕಿತ್ತೂರಿನ ನಿಲ್ದಾಣದಲ್ಲಿ ಇಳಿಯುತ್ತಲೇ ಶಾಂತಾಳ ಫೋನು. ಎಲ್ಲಿದ್ದೇನೆಂದು ಹೇಳಿದೆ. "ಅಲ್ಲೂ ಭಾಷಣ ಐತೇನ್ರಿ?" ಎಂದಳು. ಹೌದೆಂದುಬಿಟ್ಟೆ. ಮರುದಿನ ಆ ಭಾಷಣ ಹೇಗಾಯಿತೆಂದು ಕೇಳಿದಾಗ, ರಾಮದುರ್ಗದ್ದಕ್ಕಿಂತ ಚೆನ್ನಾಗಿಯೇ ವರ್ಣಿಸಿದೆ.