ಬ್ಯಾಡಗಿ ಕ್ರಾಸಿಗೆ ನಿಲ್ಲುವ ಗಾಡಿ

ಹಳೇ ಮೋಟರ್ ಸೈಕಲ್ ರಿಪೇರಿ ಮಾಡುವವನ ದುಕಾನಿನಲ್ಲಿ ನಗೆಪ್ರಸಂಗಗಳಿಗೆ ಎಂದೂ ಬರವಿಲ್ಲ. ಗಾಡಿ ಸುಳ್ಳು ಹೇಳುವುದಿಲ್ಲ, ಗಿರಾಕಿ ಖರೇ ಹೇಳುವುದಿಲ್ಲ, ಇಬ್ಬರ ನಡುವೆ ಮಿಸ್ತ್ರಿ ತಾನು ಬಹಳ ಶಾಣ್ಯಾ ಅಂದುಕೊಂಡು ಕೂತಿರುತ್ತಾನೆ. ಹಾವೇರಿಯ ಹಳೇ ಪಿ.ಬಿ. ರೋಡಿನ ಬದಿಗೆ ನನ್ನ ದುಕಾನು. ಮೂವತ್ತು ವರ್ಷದಿಂದ ಪಾನಾ ಹಿಡಿದಿದ್ದೇನೆ. ನಕ್ಕದ್ದನ್ನೆಲ್ಲ ಬರೆಯಬೇಕು ಅಂತ ಕೂತರೆ ಬೇರೆ ಗಾಡಿಗಳೆಲ್ಲ ಹಿಂದೆ ಸರಿದು ಒಂದೇ ಗಾಡಿ ಮುಂದೆ ಬರುತ್ತದೆ. ಅದರದನ್ನೇ ಬರೆಯುತ್ತೇನೆ.

ಅದು ಕರ್ಜಗಿಯ ಟೇಲರ್ ಒಬ್ಬರ ಗಾಡಿ. ಸ್ಕೂಟಿ, ಸೆಲ್ಫ್ ಸ್ಟಾರ್ಟ್ ಅಂತ ಊರೆಲ್ಲ ಬದಲಾಗುತ್ತಿದ್ದ ಕಾಲದಲ್ಲೂ ಅವರು ಇಪ್ಪತ್ತು ವರ್ಷದ ಆ ಹಳೇ ಗಾಡಿಯನ್ನು ಬಿಟ್ಟಿರಲಿಲ್ಲ. ಅವರ ಹೆಂಡತಿಗೆ ಹೃದಯದ ಬೇನೆ. ನಾನು ಅವರನ್ನು ಅಕ್ಕಾರು ಅನ್ನುತ್ತಿದ್ದೆ. ದೊಡ್ಡ ಊರಿನ ಹೃದಯದ ಡಾಕ್ಟರು ಪ್ರತಿ ಮಂಗಳವಾರ ರಾಣೆಬೆನ್ನೂರಿಗೆ ಬರುತ್ತಿದ್ದರು. ಹನ್ನೊಂದರೊಳಗೆ ಹೋಗಿ ಹೆಸರು ಬರೆಸಬೇಕು, ತಪ್ಪಿದರೆ ಮುಂದಿನ ವಾರ. ಬಸ್ಸಿನ ನೂಕಾಟ ಅಕ್ಕಾರಿಗೆ ಆಗುತ್ತಿರಲಿಲ್ಲ, ಉಸಿರು ಕಟ್ಟುತ್ತಿತ್ತು. ಹಾಗಾಗಿ ನನ್ನ ಮೇಲೆ ಇದ್ದ ಹೊಣೆ ಒಂದೇ. ಮಂಗಳವಾರ ಹನ್ನೊಂದರೊಳಗೆ ಆ ಗಾಡಿ ರಾಣೆಬೆನ್ನೂರು ಮುಟ್ಟಬೇಕು.

ಅಕ್ಕಾರು ಈಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಗು ಬಂದರೆ ನಗಿರಿ, ಅವರೂ ನಗುತ್ತಿದ್ದರು.

ಕೌದಿ

ಮಂಗಳವಾರದ ಓಡಾಟ ಸುರುವಾದ ಮೊದಲ ಚಳಿಗಾಲದಲ್ಲೇ ಗಾಡಿ ಕಾಯತೊಡಗಿತು. ಕರ್ಜಗಿಯಿಂದ ಹಾವೇರಿಗೆ ಬರುವಷ್ಟರಲ್ಲಿ ಎಂಜಿನ್ ಮೇಲೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತಿತ್ತು. ಒಮ್ಮೆಯಂತೂ ಪಿಸ್ಟನ್ ಹಿಡಿದುಕೊಂಡು ಗಾಡಿ ನಡುದಾರಿಯಲ್ಲಿ ಕೂತುಬಿಟ್ಟಿತು. ನಾನು ಆಯಿಲ್ ಬದಲಿಸಿದೆ, ಟೈಮಿಂಗ್ ನೋಡಿದೆ, ಎಂಜಿನ್ನಿನ ರೆಕ್ಕೆಗಳ ಸಂದಿಯಲ್ಲಿ ಕೂತ ಕೆಸರನ್ನು ಬ್ರಶ್ ಹಾಕಿ ತಿಕ್ಕಿ ತೆಗೆದೆ. ಆ ರೆಕ್ಕೆಗಳ ನಡುವೆ ಗಾಳಿ ಆಡಿದರೇನೇ ಎಂಜಿನ್ ತಣ್ಣಗಿರುವುದು ಅಂತ ಟೇಲರ್ ಅಣ್ಣಾರಿಗೆ ಪಾಠವನ್ನೂ ಮಾಡಿದೆ. ಅವರು ಶಾಲೆಯ ಹುಡುಗನಂತೆ ಗೋಣು ಹಾಕಿದರು. ಮುಂದಿನ ವಾರ ಗಾಡಿ ಮತ್ತೆ ಕಾಯ್ದಿತ್ತು.

ಒಂದು ಸಲ ಯಾವುದೋ ಕೆಲಸಕ್ಕೆ ನಾನೇ ಕರ್ಜಗಿ ಕಡೆ ಹೋಗುತ್ತಿದ್ದೆ. ಎದುರಿಗೆ ಇವರ ಗಾಡಿ ಬಂತು. ಮುಂದಿನ ಲೆಗ್ ಗಾರ್ಡಿಗೆ ಈ ಕೊನೆಯಿಂದ ಆ ಕೊನೆಯವರೆಗೆ ಒಂದು ಕೌದಿ ಕಟ್ಟಿತ್ತು. ಹಳೇ ಸೀರೆಯ ತುಂಡುಗಳನ್ನು ಪದರು ಪದರಾಗಿ ಜೋಡಿಸಿ ಹೊಲಿದ ದಪ್ಪ ಕೌದಿ. ಅದರ ಹಿಂದೆ ಎಂಜಿನ್ನು ಹೊದ್ದುಕೊಂಡು ಕೂತಿತ್ತು.

ಅಷ್ಟು ದಿನ ನನಗೇಕೆ ಅದು ಕಂಡಿರಲಿಲ್ಲ ಅಂದರೆ, ಹಾವೇರಿ ಹತ್ತಿರ ಬಂದೊಡನೆ ಅಣ್ಣಾರು ಗಾಡಿ ನಿಲ್ಲಿಸಿ ಕೌದಿಯನ್ನು ಬಿಚ್ಚಿ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಪ್ಯಾಟಿಯಲ್ಲಿ ಟೇಲರನ ಗಾಡಿಯ ಮೇಲೆ ತ್ಯಾಪಿ ಹಾಕಿದ ಕೌದಿ ಕಂಡರೆ ಮರ್ಯಾದೆ ಏನಾಗಬೇಕು ಅನ್ನುವುದು ಅವರ ಚಿಂತೆ. ಕಟ್ಟಿದವರು ಅಕ್ಕಾರು. ಗಂಡನ ಮೊಣಕಾಲು ನೋವಿಗೆ ಥಂಡಿ ಗಾಳಿ ಬಡಿಯಬಾರದು ಅಂತ. ನಾನು ಸಿಟ್ಟಿನಿಂದ, ಹೀಗೆ ಮುಚ್ಚಿದರೆ ಎಂಜಿನ್ ಉಳಿಯುವುದಿಲ್ಲ ಅಂದೆ. ಅಕ್ಕಾರು ಹಿಂದಿನ ಸೀಟಿನಿಂದ ಇಳಿಯದೆ, ಮೆಲ್ಲಗೆ ಉಸಿರು ತೆಗೆದುಕೊಳ್ಳುತ್ತಲೇ ಕೇಳಿದರು.

"ತಮ್ಮಾ, ಎಂಜಿನ್ ಕೆಟ್ರ ನೀ ಅದಿ. ಇವರ ಮೊಣಕಾಲು ಕೆಟ್ರ ನನ್ನ ದವಾಖಾನಿಗಿ ಯಾರು ಒಯ್ಯಬೇಕು?"

ಮುಂದಿನ ವಾರ ಕೌದಿ ಲೆಗ್ ಗಾರ್ಡ್ ಬಿಟ್ಟಿತ್ತು. ಅದನ್ನು ಕತ್ತರಿಸಿ ಎರಡು ಮೊಣಕಾಲು ಚೀಲ ಹೊಲಿದಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಹೂವಿನ ಸೀರೆಯ ಚೀಲ ಕಟ್ಟಿಕೊಂಡು ಟೇಲರ್ ಅಣ್ಣಾರು ಹಾವೇರಿ ಬಜಾರಿನಲ್ಲಿ ಎದೆ ಸೆಟೆಸಿ ಗಾಡಿ ಹೊಡೆದರು. ಮರ್ಯಾದೆ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

ಕೆಂಪು ದೀಪ

ಆಮೇಲೆ ಬ್ಯಾಟರಿ. ಆ ಗಾಡಿಗೆ ಬ್ಯಾಟರಿ ಇಳಿದರೆ ಎಷ್ಟು ಕಿಕ್ ಹೊಡೆದರೂ ಕಿಡಿ ಬರುತ್ತಿರಲಿಲ್ಲ. ನಾನು ವಾರವಾರ ಚಾರ್ಜಿಗೆ ಹಾಕಿ ಕೊಡುತ್ತಿದ್ದೆ, ಅವರು ವಾರವಾರ ಇಳಿಸಿಕೊಂಡು ತರುತ್ತಿದ್ದರು. ಡೈನಮೋ ಬಿಚ್ಚಿದೆ, ಕಾರ್ಬನ್ ಹಾಕಿದೆ, ವಾಯರು ಪೂರ್ತಿ ಹೊಸದಾಗಿ ಎಳೆದೆ. ಬ್ಯಾಟರಿಗೆ ಬಾವಿ ನೀರು ಹಾಕಿದಿರಾ ಅಂತ ಅಣ್ಣಾರ ಮೇಲೆ ಹರಿಹಾಯ್ದೆ. ಪಾಪ, ಅವರು ದೇವರಾಣೆ ಇಟ್ಟರು.

ಮರ್ಮ ಹೇಳಿದವನು ಒಬ್ಬ ಮೆಣಸಿನಕಾಯಿ ಲಾರಿಯ ಡ್ರೈವರ್. ಪಂಕ್ಚರ್ ಹಾಕಿಸಲು ನಮ್ಮ ಪಕ್ಕದ ಅಂಗಡಿಗೆ ಬಂದವನು ನನ್ನ ದುಕಾನಿನಲ್ಲಿ ನಿಂತ ಈ ಗಾಡಿಯನ್ನು ಗುರುತು ಹಿಡಿದ. ಇದರ ಮಾಲಕ ಎಲ್ಲಿ, ಅವನ ಜೊತೆ ಎರಡು ಮಾತು ಆಡುವುದಿದೆ ಅಂತ ತೋಳು ಏರಿಸಿದ. ರಾಣೆಬೆನ್ನೂರು ರಸ್ತೆಯಲ್ಲಿ ಇಡೀ ದಾರಿ ಈ ಗಾಡಿಯ ಹಿಂದಿನ ಕೆಂಪು ದೀಪ ಹತ್ತಿಯೇ ಇರುತ್ತದೆ, ಈಗ ನಿಲ್ಲುತ್ತಾನೆ ಆಗ ನಿಲ್ಲುತ್ತಾನೆ ಅಂತ ತಾನು ಹತ್ತು ಮೈಲು ಗೇರು ಇಳಿಸಿಕೊಂಡೇ ಬಂದೆ ಅಂದ. ಪುಣ್ಯಕ್ಕೆ ಆಗ ಮಾಲಕರು ಅಲ್ಲಿರಲಿಲ್ಲ.

ಕೆಂಪು ದೀಪ ಹತ್ತುವುದು ಬ್ರೇಕ್ ಒತ್ತಿದಾಗ. ಅಣ್ಣಾರು ಬಂದಾಗ ವಿಚಾರಿಸಿದೆ. ಅಕ್ಕಾರಿಗೆ ವೇಗವೆಂದರೆ ಅಂಜಿಕೆ. ಮುಳ್ಳು ಮೂವತ್ತು ದಾಟಿತೋ ಇಲ್ಲವೋ, ಗಂಡನ ಹೆಗಲ ಮೇಲಿನ ಕೈ ಬಿಗಿಯುತ್ತಿತ್ತು. ಕೈ ಬಿಗಿದ ಕೂಡಲೇ ಇವರ ಕಾಲು ಬ್ರೇಕಿನ ಮೇಲೆ. ವರ್ಷಗಟ್ಟಲೆ ಹೀಗಾಗಿ ಕೊನೆಗೆ ಕಾಲು ಅಲ್ಲೇ ಬೀಡುಬಿಟ್ಟಿತ್ತು. ದೀಪ ಬ್ಯಾಟರಿಯನ್ನು ಹೀರುತ್ತಿತ್ತು.

ಆ ಕಾಲನ್ನು ಸ್ವಲ್ಪ ಎತ್ತಿ ಇಟ್ಟುಕೊಳ್ಳಿರಿ ಅಂತ ಹೇಳಿದೆ. ಅವರು ತಮ್ಮ ಕಾಲನ್ನೇ ನೋಡಿಕೊಂಡು ಅಂದರು.

"ನಾ ಕಾಲು ತೆಗೀತೇನ್ರಿ ಮಿಸ್ತ್ರಿ. ಆದ್ರ ಆಕಿ ಕೈ ತೆಗೀಬಾರದಲ್ಲ."

ನಾನು ಬ್ರೇಕಿನ ಸ್ವಿಚ್ಚನ್ನೇ ಸ್ವಲ್ಪ ಕೆಳಗೆ ಸರಿಸಿ ಕೂರಿಸಿದೆ. ಕಾಲು ಇಟ್ಟರೆ ದೀಪ ಹತ್ತದು, ತುಳಿದರೆ ಮಾತ್ರ ಹತ್ತಬೇಕು. ಬ್ಯಾಟರಿ ಬದುಕಿತು. ಲಾರಿ ಡ್ರೈವರನೂ ಮತ್ತೆ ಬರಲಿಲ್ಲ.

ನಾನು ಹೊಡೆದರೆ ನಿಲ್ಲದು

ಮೂರನೆಯ ತ್ರಾಸು ನನ್ನ ವಿದ್ಯೆಯನ್ನೆಲ್ಲ ಮಣ್ಣುಪಾಲು ಮಾಡಿತು. ಕರ್ಜಗಿಯಿಂದ ಹಾವೇರಿಗೆ ಗಾಡಿ ಸರಿಯಾಗಿ ಬರುತ್ತಿತ್ತು. ದುಕಾನಿನಲ್ಲಿ ಐದು ನಿಮಿಷ ನಿಂತು, ನಾನು ಟಾಕಿ ತೆರೆದು ಪೆಟ್ರೋಲ್ ನೋಡಿ, ಹೋಗಿ ಬರ್ರಿ ಅನ್ನುತ್ತಿದ್ದೆ. ಅಲ್ಲಿಂದ ರಾಣೆಬೆನ್ನೂರು ಹಾದಿಯಲ್ಲಿ ಬ್ಯಾಡಗಿ ಕಡೆ ಹೊರಳುವ ಕ್ರಾಸ್ ಬಂತೆಂದರೆ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಟಾಕಿಯಲ್ಲಿ ಪೆಟ್ರೋಲ್ ಇದೆ, ಆದರೆ ಕೆಳಗೆ ಇಳಿಯುತ್ತಿಲ್ಲ. ಅಣ್ಣಾರು ಕಿಕ್ ಹೊಡೆದು ಹೊಡೆದು ಬೆವರಿ, ಕೊನೆಗೆ ಟಾಕಿಯ ಮುಚ್ಚಳ ತೆರೆದು ಒಳಗೆ ಇಣುಕಿ, ಮತ್ತೆ ಮುಚ್ಚಿ ಕಿಕ್ ಹೊಡೆದರೆ ಏಳುತ್ತಿತ್ತು.

ನಾನು ಕಾರ್ಬೋರೇಟರ್ ಬಿಚ್ಚಿ ತೊಳೆದೆ. ಪೆಟ್ರೋಲ್ ಕಾಕ್ ಬದಲಿಸಿದೆ. ಪೈಪು ಬದಲಿಸಿದೆ. ಟಾಕಿಯನ್ನೇ ಇಳಿಸಿ ಒಳಗೆ ಉಸುಕು ಹಾಕಿ ಕುಲುಕಿ ತುಕ್ಕು ತೆಗೆದೆ. ಹದಿನಾಲ್ಕು ಸಲ ಕಾರ್ಬೋರೇಟರ್ ತೊಳೆದಿರಬೇಕು. ನಿಲ್ಲುವುದು ನಿಲ್ಲಲಿಲ್ಲ.

ಕೊನೆಗೆ ನಾನೇ ರಾಣೆಬೆನ್ನೂರಿಗೆ ಹೊಡೆದುಕೊಂಡು ಹೋದೆ. ಪೆಟ್ರೋಲಿನದೇ ತ್ರಾಸು ಅನ್ನುವ ಸಂಶಯವಿದ್ದುದರಿಂದ ನಾಲ್ಕೈದು ಮೈಲಿಗೊಮ್ಮೆ ನಿಲ್ಲಿಸಿ ಮುಚ್ಚಳ ತೆರೆದು ಪೆಟ್ರೋಲ್ ಎಷ್ಟಿದೆ ಅಂತ ನೋಡಿದೆ. ಗಾಡಿ ಕುದುರೆಯಂತೆ ಹೋಗಿ ಕುದುರೆಯಂತೆ ಬಂತು. ಗಾಡಿಯಲ್ಲಿ ದೋಷವಿಲ್ಲ, ನೀವು ಹೊಡೆಯುವುದರಲ್ಲೇ ಇದೆ ಅಂತ ಅಣ್ಣಾರಿಗೆ ಸಾರಿದೆ. ಅವರು ತಪ್ಪು ಒಪ್ಪಿಕೊಂಡರು. ಏನು ತಪ್ಪು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ತಪ್ಪಿದ ಮಂಗಳವಾರ

ಮೆಣಸಿನಕಾಯಿ ಸುಗ್ಗಿಯ ಒಂದು ಮಂಗಳವಾರ ಗಾಡಿ ಕ್ರಾಸಿನಲ್ಲಿ ನಿಂತದ್ದು ಏಳಲೇ ಇಲ್ಲ. ಮುಚ್ಚಳ ತೆರೆದು ಮುಚ್ಚಿ ಒಂದೇ ಸಮನೆ ಕಿಕ್ ಹೊಡೆದ ರಭಸಕ್ಕೆ ಪ್ಲಗ್ಗು ಪೆಟ್ರೋಲ್ ಕುಡಿದು ತೊಯ್ದಿತ್ತು. ಅಣ್ಣಾರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ನಾನು ಓಡಿ ಹೋಗುವಷ್ಟರಲ್ಲಿ ಹನ್ನೊಂದು ದಾಟಿ ಹೋಗಿತ್ತು.

ಬೇವಿನ ಗಿಡದ ಕೆಳಗೆ ಇಬ್ಬರೂ ಕೂತಿದ್ದರು. ಚೀಲ ತುಂಬಿದ ಟ್ರ್ಯಾಕ್ಟರುಗಳು ಬ್ಯಾಡಗಿಗೆ ಹೋಗುತ್ತಿದ್ದವು, ಘಾಟಿಗೆ ಅಕ್ಕಾರು ಸೀನುತ್ತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಎಷ್ಟು ಗಾಡಿ ಎಬ್ಬಿಸಿದ ಕೈ ಇದು, ಇದೊಂದನ್ನು ಹನ್ನೊಂದರೊಳಗೆ ಮುಟ್ಟಿಸಲು ಆಗಲಿಲ್ಲವಲ್ಲ ಅಂತ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಅಂತ ಒರೆಸಿಕೊಂಡೆ. ಅಕ್ಕಾರು ತಮ್ಮ ಬುತ್ತಿಯ ರೊಟ್ಟಿಯನ್ನು ಮುರಿದು ನನ್ನ ಕೈಗೆ ಇಟ್ಟರು.

"ಅಳಬ್ಯಾಡೋ ತಮ್ಮಾ. ಇವತ್ತ ನನ್ನ ರಕ್ತ ತೆಗೆಯೋದಿತ್ತು. ಗಾಡಿ ಕೆಡಿಸಿ ಒಂದು ವಾರ ಉಳಿಸ್ದಿ."

ಅವರೇ ಮೊದಲು ನಕ್ಕರು. ನಾವಿಬ್ಬರೂ ಆಮೇಲೆ ನಕ್ಕೆವು.

ಮುಚ್ಚಳ

ಆ ವರ್ಷ ಮಳೆಗಾಲ ಮುಗಿಯುವುದರೊಳಗೆ ಅಕ್ಕಾರು ತೀರಿಕೊಂಡರು. ಕರ್ಜಗಿಗೆ ಹೋಗಿ ಮಣ್ಣು ಹಾಕಿ ಬಂದೆ. ಎರಡು ದಿನ ದುಕಾನು ತೆರೆಯಲು ಮನಸ್ಸಾಗಲಿಲ್ಲ.

ತಿಂಗಳೆರಡಾದ ಮೇಲೆ ಅಣ್ಣಾರು ಗಾಡಿ ತಂದರು. ಮಂಗಳವಾರ ಮನೆಯಲ್ಲಿ ಕೂರಲಾಗದೆ ದಾರ, ಗುಂಡಿ ತರುವ ನೆಪ ಮಾಡಿಕೊಂಡು ರಾಣೆಬೆನ್ನೂರಿಗೆ ಹೋಗುತ್ತಿದ್ದರಂತೆ. ಗಾಡಿ ಈಗಲೂ ಕ್ರಾಸಿನಲ್ಲಿ ನಿಲ್ಲುತ್ತದೆ ಅಂದರು. ನಾನು ಟಾಕಿಯ ಮುಚ್ಚಳ ತೆರೆದೆ. ಒಳಗೆ ಸುಸ್ಸ್ ಅಂತ ಗಾಳಿ ಎಳೆದುಕೊಂಡ ಸದ್ದಾಯಿತು. ಆ ಸದ್ದನ್ನು ಎಷ್ಟೋ ಸಲ ಕೇಳಿದ್ದೆ, ಬಿಸಿಲಿಗೆ ಹಾಗೆ ಅಂತ ಬಿಟ್ಟಿದ್ದೆ. ಆ ದಿನ ಮೋಡವಿತ್ತು. ಮುಚ್ಚಳವನ್ನು ಹೊರಳಿಸಿ ಒಳಗಿನಿಂದ ಊದಿದೆ. ಗಾಳಿ ಹಾಯಲಿಲ್ಲ.

ಮುಚ್ಚಳದಲ್ಲಿ ಗಾಳಿಗೆಂದು ಸೂಜಿಮೊನೆಯಷ್ಟು ತೂತು ಇರುತ್ತದೆ. ಪೆಟ್ರೋಲ್ ಇಳಿದ ಹಾಗೆಲ್ಲ ಮೇಲಿನಿಂದ ಗಾಳಿ ಹೋಗಬೇಕು, ಇಲ್ಲದಿದ್ದರೆ ಹದಿನೈದು-ಇಪ್ಪತ್ತು ಕಿಲೋಮೀಟರಿಗೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಮುಚ್ಚಳ ತೆರೆದರೆ ಗಾಳಿ ಹೊಕ್ಕು ಮತ್ತೆ ಇಳಿಯುತ್ತದೆ, ನಾನು ಹೊಡೆದಾಗ ಗಾಡಿ ನಿಲ್ಲದ್ದು ಅದಕ್ಕೇ. ಆ ತೂತಿನ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿತ್ತು. ಅಕ್ಕಾರು ಪ್ರತಿ ಅಮಾಸಿಗೆ ಗಾಡಿ ಪೂಜೆ ಮಾಡಿ, ದಾರಿಯಲ್ಲಿ ನಿಲ್ಲಬ್ಯಾಡವ್ವಾ ಅಂತ ಬೇಡಿಕೊಂಡು, ಅರಿಷಿಣ ಕಲಸಿ ಹಚ್ಚಿ ಅದರ ಮೇಲೆ ಕುಂಕುಮ ಇಡುತ್ತಿದ್ದ ಜಾಗ ಅದು.

ನಾವು ಮುಸಲ್ಮಾನರು. ಗಿರಾಕಿಯ ಗಾಡಿಯ ಮೇಲಿನ ಪೂಜೆಯನ್ನು ನಮ್ಮ ಎಣ್ಣೆಗೈಯಿಂದ ಮುಟ್ಟಬಾರದು ಅಂತ ಕೆಲಸ ಕಲಿಸುವಾಗಲೇ ನಮ್ಮ ಅಬ್ಬಾ ಹೇಳಿದ್ದರು. ಹಾಗಾಗಿ ಹದಿನಾಲ್ಕು ಸಲ ಇಡೀ ಗಾಡಿ ಒರೆಸಿದರೂ ಆ ಕುಂಕುಮವೊಂದನ್ನು ಬಿಟ್ಟು ಸುತ್ತ ಒರೆಸಿದ್ದೆ. ಅವರ ಭಕ್ತಿ, ಅದಕ್ಕೆ ನಾನು ಕೊಟ್ಟ ಮರ್ಯಾದೆ, ಎರಡೂ ಸೇರಿ ಗಾಡಿಯ ಉಸಿರು ಕಟ್ಟಿಸಿದ್ದವು.

ಅಣ್ಣಾರಿಗೆ ಎಲ್ಲ ಹೇಳಿದೆ. ಒಂದು ಸೂಜಿಯ ಕೆಲಸವಿತ್ತು, ನಾನು ನೋಡಲಿಲ್ಲ, ಆ ಮಂಗಳವಾರ ತಪ್ಪಿದ್ದು ನನ್ನಿಂದಲೇ ಅಂದೆ. ಅವರು ಮುಚ್ಚಳವನ್ನು ಕೈಗೆ ತೆಗೆದುಕೊಂಡು ಕುಂಕುಮ ನೋಡಿದರು. ಆಮೇಲೆ ಅಂದರು, "ಅವತ್ತ ಗಿಡದ ಕೆಳಗ ಎರಡು ತಾಸು ಕುಂತಿದ್ವಿ ಮಿಸ್ತ್ರಿ. ಲಗ್ನ ಆದಾಗಿಂದ ನಾ ಮಶೀನ್ ಬಿಟ್ಟು ಅಷ್ಟು ಹೊತ್ತು ಆಕಿ ಬಾಜೂಕ ಕುಂತಾವನಲ್ಲ."

ಸೂಜಿ ಕೈಯಲ್ಲಿತ್ತು, ಚುಚ್ಚಲು ಮನಸ್ಸು ಬರಲಿಲ್ಲ. ಬೇರೆ ಮುಚ್ಚಳ ಹಾಕಿದೆ. ಹಳೆಯದನ್ನು ಶುಭ್ರ ಅರಿವೆಯಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಇನ್ನು ಗಾಡಿ ಬೆಂಗಳೂರು ಮುಟ್ಟುವವರೆಗೂ ನಿಲ್ಲುವುದಿಲ್ಲ ಅಂತ ಹೇಳಿ ಕಳಿಸಿದೆ.

ತಕರಾರು

ಮುಂದಿನ ವಾರ ಅವರು ಮತ್ತೆ ಬಂದರು. ಮುಖ ಸಣ್ಣದಾಗಿತ್ತು. ಗಾಡಿ ಏನು ತ್ರಾಸು ಕೊಟ್ಟಿತು ಅಂತ ಕೇಳಿದೆ. ಹೇಳಲು ಸಂಕೋಚಪಟ್ಟರು. ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟರು.

"ಗಾಡಿ ನಿಲ್ಲವಲ್ದರಿ."

ಬ್ರೇಕ್ ಹೋಯಿತೇನೋ ಅಂತ ಗಾಬರಿಯಿಂದ ಚಕ್ರಕ್ಕೆ ಕೈ ಹಾಕಿದೆ. ಬ್ರೇಕ್ ಸರಿಯಾಗಿತ್ತು. ಕ್ರಾಸ್ ಬಂತು, ಗಿಡ ಬಂತು, ಗಾಡಿ ನಿಲ್ಲದೆ ಸುಮ್ಮನೆ ದಾಟಿ ಹೋಯಿತು ಅಂದರು. ತಾವಾಗಿ ನಿಲ್ಲಿಸಬಹುದಿತ್ತಲ್ಲ ಅಂದೆ. ನಿಲ್ಲಿಸಿ ಕೂತೂ ನೋಡಿದರಂತೆ. ಆದರೆ ಕೆಲಸ ಬಿಟ್ಟು ಗಿಡದ ಕೆಳಗೆ ಕೂತದ್ದಕ್ಕೆ ಹಾದುಹೋಗುವವರು ಕಾರಣ ಕೇಳುತ್ತಾರೆ, ಗಾಡಿ ಕೆಟ್ಟಿದ್ದರೆ ಯಾರೂ ಕೇಳುವುದಿಲ್ಲ.

ಅಂಗಿಯ ಕಿಸೆಯಿಂದ ಅರಿವೆಯ ಗಂಟು ತೆಗೆದು ನನ್ನ ಮುಂದೆ ಇಟ್ಟರು.

"ಹಳೇ ಮುಚ್ಚಳಾನ ಹಾಕ್ರಿ. ಈಗೇನು ಹನ್ನೊಂದರೊಳಗ ಮುಟ್ಟೋದೈತಿ?"

ನಾನು ಕೈ ತೊಳೆದುಕೊಂಡು, ಕುಂಕುಮ ಅಳಿಯದ ಹಾಗೆ ಅಂಚು ಹಿಡಿದು ಮುಚ್ಚಳ ಕೂರಿಸಿದೆ. ಅವರು ಗಾಡಿ ಹತ್ತಿ, ಕಿಕ್ ಹೊಡೆಯುವ ಮೊದಲು ಒಮ್ಮೆ ತಿರುಗಿ, ಕ್ರಾಸಿಗೆ ಖಂಡಿತ ನಿಲ್ಲುತ್ತದಲ್ಲ ಅಂತ ಕೇಳಿದರು.

"ಗ್ಯಾರಂಟಿ ಐತ್ರಿ ಅಣ್ಣಾರ," ಅಂದೆ. "ನಿಲ್ಲಲಿಲ್ಲಂದ್ರ ಹೊಳ್ಳಿ ತರ್ರಿ, ಇನ್ನೂ ಛಲೋತ್ನಂಗ ಕೆಡಿಸಿ ಕೊಡ್ತೇನಿ."